ಎರಡು ಪ್ಲಸ್ ಮತ್ತು ಒಂದು 'ಅದು'

ನನಗೆ ಚೀನೀ ಭಾಷೆ ಬರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಪ್ಪು ಹಿಡಿಯುವವರು ಯಲ್ಲಾಪುರ ತಾಲೂಕಿನಲ್ಲೇ ಯಾರೂ ಇಲ್ಲದಿರುವುದರಿಂದ ಧೈರ್ಯ ಇನ್ನೂ ಹೆಚ್ಚು. ಆದರೆ ಸೈನ್ಯದಲ್ಲಿ ದುಭಾಷಿಯಾದವನು ಬರುತ್ತದೆ ಎಂದರೆ ಸಾಲದು, ಎಷ್ಟು ಬರುತ್ತದೆ ಎಂದು ಅಳೆಯುತ್ತಾರೆ. ಕೇಳುವುದಕ್ಕೆ, ಓದುವುದಕ್ಕೆ, ಮಾತಾಡುವುದಕ್ಕೆ ಬೇರೆ ಬೇರೆ ಅಂಕೆ. ಸೊನ್ನೆ ಎಂದರೆ ಶುದ್ಧ ಮೂಕ. ಒಂದು ಎಂದರೆ ನೀರು ಕೇಳಿ ಜೀವ ಉಳಿಸಿಕೊಳ್ಳಬಲ್ಲವ. ಎರಡಕ್ಕೆ ಸಂಸಾರ ನಡೆಸಬಹುದು, ಮೂರಿದ್ದರೆ ವಾದ ಮಾಡಿ ಗೆಲ್ಲಲೂಬಹುದು. ಐದು ಪಡೆಯಲು ಅಲ್ಲೇ ಹುಟ್ಟಬೇಕು. ನಡುವೆ ಪ್ಲಸ್ ಎಂಬ ಕೀಟಲೆಯೂ ಉಂಟು. ಎರಡು ಪ್ಲಸ್ ಎಂದರೆ ಎರಡನ್ನು ದಾಟಿ ಮೂರರ ಹೊಸ್ತಿಲಲ್ಲಿ ಎಡವಿದ ಗಿರಾಕಿ. ಒಮ್ಮೆ ಪಡೆದ ಅಂಕೆ ಖಾಯಂ ಕೂಡ ಅಲ್ಲ, ಮತ್ತೆ ಮತ್ತೆ ಪರೀಕ್ಷೆಗೆ ಕೂರಬೇಕು. ನನಗೆ ಮೂರು ಬೇಕೇ ಬೇಕಿತ್ತು. ಇಲ್ಲದಿದ್ದರೆ ದುಭಾಷಿಯ ಕೆಲಸ ಹೋಗಿ ಗೋದಾಮಿನಲ್ಲಿ ಬೇಳೆ ಮೂಟೆ ಕಾಯಬೇಕಿತ್ತು.

ಹೋದ ಸಲ ಎಡವಿದ್ದು ಕೇಳುವ ಪರೀಕ್ಷೆಯಲ್ಲಿ. ಚೀನೀ ಮಾತಿನಲ್ಲಿ ಅವನು, ಅವಳು, ಅದು ಎಲ್ಲಕ್ಕೂ ಒಂದೇ ಸದ್ದು, 'ತಾ'. ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕು. ಅವರು ಕೇಳಿಸಿದ್ದು ವೈದ್ಯೆಯೊಬ್ಬಳು ಗಡಿಯ ಶಿಬಿರಕ್ಕೆ ಬಂದ ಸಮಾಚಾರ. ಹೆಂಗಸು ಎಂದು ನನಗೆ ಚೆನ್ನಾಗಿಯೇ ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು. ನಂದೊಳ್ಳಿಯ ನಮ್ಮ ಹವ್ಯಕರ ಮನೆಯಲ್ಲಿ ಅಮ್ಮ 'ಬಂತು', ಅಕ್ಕ 'ಹೋತು'. ಹೆಂಗಸರೆಲ್ಲ ಪ್ರೀತಿಯಿಂದ 'ಅದು'. ಕೇಳಿದ್ದನ್ನು ನಾನು ಗಟ್ಟಿ ದನಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ, ಇಟ್ ಬೆಳಿಗ್ಗೆ ಬಂತು, ಇಟ್ ಊಟ ಮಾಡಿ ಮಲಗಿತು ಎಂದೆ. ಪರೀಕ್ಷಕರು ಕನ್ನಡಕ ತೆಗೆದು, ಮಲಗಿದ್ದು ಹೇಸರಗತ್ತೆಯೇ ಎಂದು ವಿಚಾರಿಸಿದರು. ಎರಡು ಪ್ಲಸ್ ಕೊಟ್ಟರು. ಇನ್ನೊಂದೇ ಅವಕಾಶ ಉಳಿಯಿತು.

ರಜೆಯ ಮೇಲೆ ಮನೆಗೆ ಬಂದರೆ ಅಲ್ಲೂ ಇದೇ ರಗಳೆ. ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ಗಿರಿಜಾ ಬನವಾಸಿಯಾಚೆಯ ಬಯಲುಸೀಮೆಯವಳು; ಅವರ ಕಡೆ 'ಅದು' ಎಂದರೆ ದನಕರು. ಅಮ್ಮ ನನ್ನ ಹತ್ತಿರ "ಅದಕ್ಕೆ ಚಾ ಬೇಕಾ ಕೇಳು" ಎಂದದ್ದು ಅವಳ ಕಿವಿಗೆ ಬಿದ್ದಿತ್ತು.

"ನಾ ಏನ್ ಎಮ್ಮಿ ಏನ್ರಿ, ಅದು ಇದು ಅನ್ನಾಕ?"

ನನ್ನ ಪರೀಕ್ಷೆಯ ಕತೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, ನನಗೆ ಪಾಠ ಮಾಡುವ ಹೊಣೆ ಹೊತ್ತಳು. ನಾನು ಯಾವ ಹೆಂಗಸನ್ನು 'ಅದು' ಎಂದರೂ ಸಾಕು, ಎಲ್ಲಿದ್ದರೂ ಎಮ್ಮೆಯ ಹಾಗೆ ಕೂಗುವಳು. ಪಕ್ಕದ ಮನೆಯವರು ನಾವು ಹೈನು ಶುರುಮಾಡಿದೆವು ಎಂದುಕೊಂಡರು. ರಜೆ ಮುಗಿಯುವಷ್ಟರಲ್ಲಿ ನನ್ನ ನಾಲಿಗೆ ಸುಧಾರಿಸಿತ್ತು.

ಮರುಪರೀಕ್ಷೆಯಲ್ಲಿ ಮೂರು ಸಿಕ್ಕಿತು, ಪ್ಲಸ್ಸಿನ ಹಂಗಿಲ್ಲದ ಮೂರು! ಗೋದಾಮು ತಪ್ಪಿದ ಸಂತೋಷದಲ್ಲಿ ಮುಂದಿನ ರಜೆಗೆ ಬಂದವನೇ ಜಗಲಿಯಿಂದಲೇ ಕೇಳಿದೆ, "ಅಮ್ಮಾ, ಅವಳು ಎಲ್ಲಿ?"

ಅಮ್ಮನ ಮುಖ ಸಪ್ಪಗಾಯಿತು. ನಮ್ಮ ಮನೆಯಲ್ಲಿ 'ಅವಳು' ಎನ್ನುವುದು ಮಾತು ಬಿಟ್ಟವರ ಬಗ್ಗೆ ಮಾತ್ರ.

"ಎಂತಕ್ಕೋ ಅವಳು ಹೇಳ್ತೆ? ಆ ಕೂಸಿನ ಸಂತಿಗೆ ಜಗಳ ಆಡ್ಕಂಡ್ಯಾ?"

ಕೂಸು ಎಂದರೆ ಅಮ್ಮನ ಬಾಯಲ್ಲಿ ಸೊಸೆ. ನಾನು ಚೀನೀ ವ್ಯಾಕರಣ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಒಳಗಿನಿಂದ ಬಂದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಮ್ಮನಿಗೆ ಹೇಳಿದಳು:

"ಬಿಡ್ರಿ ಅತ್ತಿ. ಅದು ಈಗಷ್ಟ ಬಂದೈತಿ. ಮೊದಲ ಉಣ್ಣಾಕ ಹಾಕೂಣು."

ಇಬ್ಬರೂ ಸೇರಿ ನಕ್ಕರು. ಆ 'ಅದು' ನಮ್ಮ ಮನೆಯ ಪ್ರೀತಿಯದೋ, ಪರೀಕ್ಷಕರ ಹೇಸರಗತ್ತೆಯದೋ, ಸಂದರ್ಭ ನೋಡಿ ಹೇಳಬೇಕು. ಮೂರು ಪಡೆದ ದುಭಾಷಿ ನಾನು. ಇನ್ನೂ ನೋಡುತ್ತಲೇ ಇದ್ದೇನೆ.