ಓರೆ ದಾರ ಮತ್ತು ಗಾಳಿಯಲ್ಲಿ ನಿಂತ ರಾಕ್ಷಸ

ಹೊಲಿಗೆ ಅಂಗಡಿ ಇಟ್ಟವರು ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಅಳತೆ ಬ್ಲೌಸ್ ಹಿಡಿದುಕೊಂಡು ಬಾಗಿಲಿಗೆ ಬರುತ್ತವೆ. ನಾನು ಹುಟ್ಟಿದ್ದು ಕುಮಟೆಯ ಕಡಲ ಪಕ್ಕ. ಮದುವೆಯಾಗಿ ಹೊಳಲ್ಕೆರೆಗೆ ಬಂದು, ಇಲ್ಲಿಯ ಹೆಂಗಸರಿಗೆ ಹೊಲಿಯುತ್ತ ಹೊಲಿಯುತ್ತಲೇ ಮುದುಕಿಯಾದೆ. ಕನ್ನಡಕ ಬಂದಿದೆ ನಿಜ, ಆದರೆ ನನ್ನ ಕತ್ತರಿ ಇವತ್ತಿಗೂ ಗೆರೆ ದಾಟುವುದಿಲ್ಲ. ಊರವರ ದೂರು ಒಂದೇ: ಹೇಳಿದ ದಿನಕ್ಕೆ ಕೊಡುವುದಿಲ್ಲವಂತೆ. "ಹುಕ್ಕು ಹಾಕೋದೊಂದೇ ಬಾಕಿ, ನಾಳೆ ಬರ್ರಿ" ಎನ್ನುವ ನನ್ನ ಮಾತು ಇಲ್ಲಿ ಗಾದೆಯಾಗಿ ಹೋಗಿದೆ.

೧. ಓರೆ ದಾರ

ಬಿ.ದುರ್ಗದ ಒಬ್ಬ ಗಿರಾಕಿ ಅಳತೆಗೆಂದು ಹೊಸದುರ್ಗದಲ್ಲಿ ಹೊಲಿಸಿದ ಬ್ಲೌಸ್ ತಂದಳು. ಬೆನ್ನಿನ ಮೇಲೆ ಕಟ್ಟುವ ದಾರ ನಡುವೆ ಇರುವುದು ಬಿಟ್ಟು ಎಡಭುಜದ ಹತ್ತಿರ ಹೋಗಿ ಕುಳಿತಿತ್ತು.

"ಇದು ತಪ್ಪಾಗಿ ಹೊಲಿದಿದ್ದು ಕಣಮ್ಮ, ಸರಿ ಮಾಡ್ತೀನಿ" ಅಂದೆ.

"ಅಯ್ಯೋ ಬ್ಯಾಡ್ರಿ ಟೈಲರಮ್ಮ! ಅದು ಓರೆ ಐತೆ ಅಂತಾನೇ ನಮ್ಮೋಣಿಯೋರೆಲ್ಲ ನನ್ನ ಬೆನ್ನು ನೋಡ್ತಾರೆ."

ಓರೆಯಾಗಿಯೇ ಹೊಲಿದೆ. ಆದರೆ ಅಚ್ಚುಕಟ್ಟಾಗಿ, ತುದಿಗೆ ಒಂದು ಮುತ್ತಿನ ಗೊಂಚಲು ಕಟ್ಟಿ. ಯುಗಾದಿ ಬರುವ ಹೊತ್ತಿಗೆ ತಾಲ್ಲೂಕಿನ ಅರ್ಧ ಬೆನ್ನುಗಳು ಓರೆಯಾದವು. ಆಮೇಲೊಂದು ದಿನ, ಮೊದಲು ದಾರ ಓರೆ ಹೊಲಿದಿದ್ದ ಹೊಸದುರ್ಗದ ಅದೇ ಟೈಲರ್ ತನ್ನ ಹೆಂಡತಿಯನ್ನು ನನ್ನ ಹತ್ತಿರ ಕಳಿಸಿದ. ಅವಳ ಕೈಯಲ್ಲಿ ನಾನೇ ಹೊಲಿದ ಬ್ಲೌಸು.

"ನಮ್ಮನೆಯವ್ರು ಕೇಳ್ಕೊಂಡು ಬಾ ಅಂದ್ರು. ಈ ಹೊಳಲ್ಕೆರೆ ಡಿಸೈನು ಹೆಂಗ್ರಿ ಹೊಲಿಯೋದು?"

೨. ಚೆಂದಾಗಿ ಹೊಡೆಯುವುದು

ಹಿರಿಯೂರಿಗೆ ಕೊಟ್ಟ ನನ್ನ ಮಗಳ ಮಗಳು ಚಿತ್ರದುರ್ಗದಲ್ಲಿ ಕಾಲೇಜು ಓದುತ್ತಾಳೆ. ಭಾನುವಾರ ನನ್ನ ಮನೆಗೆ ಬಂದು ಕತ್ತಿ ವರಸೆಯ ವಿಡಿಯೋ ಗೇಮ್ ಆಡುತ್ತಾಳೆ. ಒಂದು ದಿನ ಅವಳ ಆಟದಲ್ಲಿ ರಾಕ್ಷಸನೊಬ್ಬ ಏಟು ತಿಂದು ಮೇಲೆ ಹಾರಿದವನು ಕೆಳಗೆ ಬೀಳಲೇ ಇಲ್ಲ. ಹೊಡೆದಷ್ಟು ಹೊತ್ತೂ ಗಾಳಿಯಲ್ಲೇ ನಿಂತಿದ್ದ.

"ಇದ್ಯಾಕೇ ಬೀಳ್ತಾ ಇಲ್ಲ?"

"ಅದೊಂದು ಕಥೆ ಅಜ್ಜಿ. ಬೇರೆ ಯಾವುದೋ ಆಟ ತಯಾರು ಮಾಡುವಾಗ ತಪ್ಪಾಗಿ ಹಿಂಗೆ ಆಯ್ತಂತೆ. ಅದನ್ನ ನೋಡಿದೋರು ಮೆಚ್ಕೊಂಡು, ಈ ಆಟಾನೇ ಅದರ ಮೇಲೆ ಕಟ್ಟಿದ್ರಂತೆ. ಆಮೇಲೆ ಇನ್ನೊಂದು ಆಟ ಬಂತು. ಅದರಲ್ಲಿ ಇದೂ ಐತೆ, ಜೊತೆಗೆ ಏಟು ಬೀಳೋ ಕೊನೇ ಗಳಿಗೇಲಿ ತಪ್ಪಿಸ್ಕೊಂಡ್ರೆ ಕಾಲಾನೇ ನಿಧಾನ ಆಗುತ್ತೆ."

"ಹೊಸದುರ್ಗದ ಓರೆ ದಾರ ಕಣೇ ಇದು!" ಅಂದೆ. ಆಟ ನನಗೆ ಪೂರಾ ಅರ್ಥವಾಯಿತು.

ನನ್ನ ಕೈಗೂ ಕೊಟ್ಟಳು. ನಾನು ಒಂದೇ ಗುಂಡಿಯನ್ನು ಬಡಿದೆ.

"ಒಂದೇ ಏಟು ಹೊಡೆದ್ರೆ ಮಾರ್ಕ್ಸ್ ಇಳಿಯುತ್ತಜ್ಜಿ. ಬೇರೆ ಬೇರೆ ಥರ, ಚೆಂದಾಗಿ ಹೊಡಿಬೇಕು."

"ಹಂಗಾದ್ರೆ ನಿಮ್ಮಮ್ಮನ್ನ ಕೇಳು. ಸ್ಕೇಲು, ಟೇಪು, ಪೊರಕೆ. ಒಂದೇ ಏಟು ಎರಡು ಸಲ ಹೊಡೆದೋಳಲ್ಲ ನಾನು. ಮಾರ್ಕ್ಸ್ ಕೊಡೋರೇ ಇರಲಿಲ್ಲ!"

೩. ಯಾರ ಮೈ?

ಕಾಲೇಜಿನ ಪ್ರದರ್ಶನಕ್ಕೆಂದು ಹುಡುಗಿ ತಾನೇ ಒಂದು ಆಟ ಮಾಡಿದ್ದಳು. ಅವಳ ಮೇಷ್ಟ್ರು ನೋಡಿ, "ಗಾಳೀಲಿ ನಿಲ್ಸೋದು ಆ ಆಟದ್ದು, ಕಾಲ ನಿಧಾನ ಮಾಡೋದು ಈ ಆಟದ್ದು. ನಿನ್ನದೇನಮ್ಮ ಇದರಲ್ಲಿ? ಹಿಂಗೇ ತಂದ್ರೆ ಪ್ರದರ್ಶನಕ್ಕೆ ಇಡಲ್ಲ" ಅಂದರಂತೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಕೆಲಸ. ನನ್ನ ಮಿಷನ್ನಿನ ಪಕ್ಕ ಕುಳಿತು, ಬೇರೊಬ್ಬರ ಸೀರೆ ಫಾಲ್ಸಿನಲ್ಲಿ ಕಣ್ಣೊರೆಸಿಕೊಂಡಳು.

"ಅಳತೆ ಬ್ಲೌಸ್ ಇಲ್ಲದೆ ಯಾರೇ ಹೊಲಿದಿದ್ದಾರೆ?" ಅಂದೆ. "ಅಳತೆ ಯಾರದಾದರೂ ಆಗಲಿ, ತೊಡೋ ಮೈ ನಿನ್ನದಾಗಿರಬೇಕು. ನಿನ್ನ ಆಟದಲ್ಲಿ ಕತ್ತಿ ಹಿಡಿದಿರೋನು ಯಾವೂರೋನು?"

"ಯಾವೂರೋನೂ ಅಲ್ಲ."

"ಅದಕ್ಕೇ ಮತ್ತೆ!"

ಹುಡುಗಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಗಿರಾಕಿಗಳನ್ನು ನಾನು ನೋಡುವ ಹಾಗೆಯೇ, ಅಳತೆ ತೆಗೆಯುವ ನೋಟ. ಆಗ ನನಗೆ ಹೊಳೆಯಲಿಲ್ಲ.

೪. ಪ್ರದರ್ಶನ

ಪ್ರದರ್ಶನದ ದಿನ ಚಿತ್ರದುರ್ಗದ ಬಸ್ಸು ಹತ್ತಿದರೆ ಹಿಂದೆಯೇ ಬಿ.ದುರ್ಗದ ಗಿರಾಕಿಯೂ ತನ್ನ ಎಂದಿನ ಹಳದಿ ಸೀರೆ, ಬುಟ್ಟಿ ಚೀಲದ ಸಮೇತ ಹತ್ತಿದಳು. ಅವಳು ಮತ್ತೆ ಹೊಲಿಯಲು ಕೊಟ್ಟಿದ್ದ ಇನ್ನೊಂದು ಬ್ಲೌಸು ಇನ್ನೂ ನನ್ನ ಚೀಲದಲ್ಲಿತ್ತು.

"ಹುಕ್ಕು ಹಾಕೋದೊಂದೇ..." ಅಂದೆ.

"ಬಸ್ಸಲ್ಲೇ ಹಾಕ್ರಿ. ನಾನೆಲ್ಲಿಗೂ ಹೋಗಲ್ಲ."

ಹೀಗೆ ಇಬ್ಬರೂ ಹೋಗಿ ಪರದೆಯ ಮುಂದೆ ನಿಂತೆವು. ಹುಡುಗಿ ಬದಲಾಯಿಸಿ ತಂದ ಆಟವನ್ನು ಇಡಬಹುದೋ ಬೇಡವೋ ನೋಡಲೆಂದು ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಶುರು ಮಾಡಿದರು. ಪರದೆಯ ಮೇಲೆ ಬಂದವಳು ನಾನು! ಮೂಗಿನ ತುದಿಗೆ ಕನ್ನಡಕ, ಕೊರಳಲ್ಲಿ ಟೇಪು. ಎದುರಿಗೆ "ಇವತ್ತೇ ಬೇಕು! ಇವತ್ತೇ ಬೇಕು!" ಎಂದು ನುಗ್ಗಿ ಬರುವ ಗಿರಾಕಿಗಳ ದಂಡು. ಟೇಪು ಬೀಸಿದರೆ ಗಿರಾಕಿ ಮೇಲೆ ಹಾರಿ ಗಾಳಿಯಲ್ಲಿ ನಿಲ್ಲುತ್ತಾಳೆ. ಒಂದು ಏಟಿಗೆ ತೋಳಿನ ಅಳತೆ, ಇನ್ನೊಂದಕ್ಕೆ ಕೊರಳಿನದು. ಅದೇ ಏಟನ್ನು ಮತ್ತೆ ಹೊಡೆದರೆ, "ಅದನ್ನೇ ಎಷ್ಟು ಸಲ ಹೊಲಿತೀಯೇ? ಬಿಚ್ಚು!" ಎಂದು ನನ್ನದೇ ದನಿ ಗದರಿಸುತ್ತದೆ. ಯಾವಾಗ ರೆಕಾರ್ಡ್ ಮಾಡಿಕೊಂಡಿದ್ದಳೋ! ಗಿರಾಕಿ ಮೈಮೇಲೆ ಬಿದ್ದೇಬಿಟ್ಟಳು ಅನ್ನುವ ಗಳಿಗೆಯಲ್ಲಿ ಮೇಷ್ಟ್ರು ಗುಂಡಿ ಒತ್ತಿದರು. ಪರದೆಯ ಮೇಲಿನ ನಾನು "ಹುಕ್ಕು ಹಾಕೋದೊಂದೇ ಬಾಕಿ, ನಾಳೆ ಬರ್ರಿ" ಅಂದೆ. ಕಾಲ ನಿಂತೇಹೋಯಿತು.

ಮೇಷ್ಟ್ರು ನಕ್ಕ ರಭಸಕ್ಕೆ ಕುರ್ಚಿ ಹಿಂದೆ ಸರಿಯಿತು. "ಇದು ಯಾವ ಆಟದ ನಕಲೂ ಅಲ್ಲ ಕಣಮ್ಮ. ನಮ್ಮನೆಯವಳ ಟೈಲರೂ ಥೇಟ್ ಹಿಂಗೇ! ಬಾಗಿಲ ಹತ್ತಿರಾನೇ ಇಡು, ಎಲ್ರೂ ನೋಡ್ಲಿ."

ಹುಡುಗಿ ನನ್ನನ್ನು ತಬ್ಬಿಕೊಂಡಳು. ನನ್ನ ಕಣ್ಣು ಮಾತ್ರ ಬಿ.ದುರ್ಗದವಳ ಮೇಲಿತ್ತು. ಯಾಕೆಂದರೆ ಆಗ ಪರದೆಯಲ್ಲಿ ಗಾಳಿಗೆ ಹಾರಿದ್ದವಳು ಅವಳೇ. ಅದೇ ಹಳದಿ ಸೀರೆ, ಅದೇ ಬುಟ್ಟಿ ಚೀಲ. ಟಪಟಪ ಏಟು ತಿಂದು, ಗಿರ್ರನೆ ತಿರುಗಿ, ಓರೆ ದಾರದ ಹೊಸ ಬ್ಲೌಸು ತೊಟ್ಟುಕೊಂಡೇ ಕೆಳಗಿಳಿದಳು.

"ಬೇಜಾರು ಮಾಡ್ಕೋಬೇಡ ಕಣಮ್ಮ, ಹುಡುಗಿ ಏನೋ ತಮಾಷೆಗೆ..." ಅಂದೆ.

ಅವಳು ಪರದೆಯಿಂದ ಕಣ್ಣು ಕೀಳಲೇ ಇಲ್ಲ.

"ಹೊಡೀರಿ ಟೈಲರಮ್ಮ, ಎಷ್ಟಾರ ಹೊಡೀರಿ. ಆಟದಾಗಾದ್ರೂ ಹೇಳಿದ ದಿನಕ್ಕೆ ಬ್ಲೌಸ್ ಕೊಟ್ರಲ್ಲ!"