ಕೆಂಪು ಅಂಚಿನ ಪಟ್ಟಿ

ಮನೆಯವರು ತೀರಿಕೊಂಡ ಮೇಲೆ ಅಳುವ ಸಂದರ್ಭಗಳು ಬರುತ್ತವೆ ಎಂದು ಎಲ್ಲರೂ ಹೇಳಿದ್ದರು. ನಗು ಬರುವ ಸಂದರ್ಭಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಅವೂ ಕರೆಯದೆ ಬರುತ್ತಲೇ ಇವೆ.

ನಮ್ಮವರದು ಭಾಗ್ಯನಗರದಲ್ಲಿ ಒಂದೇ ಮಷೀನಿನ ವರ್ಕ್‌ಶಾಪು. ಅಗಲವಾದ ಕಾಗದದ ರೋಲನ್ನು ಒಂದು ಕಡೆ ಏರಿಸಿದರೆ, ಅದು ಸಾಲಾಗಿ ತಿರುಗುವ ದುಂಡು ಬ್ಲೇಡುಗಳ ನಡುವೆ ಹಾದು, ಇನ್ನೊಂದು ಕಡೆ ಎರಡು ಬೆರಳಗಲದ ಪಟ್ಟಿಗಳಾಗಿ ಸುತ್ತಿಕೊಳ್ಳುತ್ತದೆ. ಗಂಗಾವತಿಯ ಗಿರಣಿಯಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುವಾಗ ಮೇಲೆ ಮಡಚಿ ಹಾಕುವುದು ಈ ಪಟ್ಟಿಯನ್ನೇ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಅವರು ಹೋದ ಮೇಲೆ ಮಷೀನು ಮಾರಬೇಕೆಂದು ಮೈದುನನ ಹಟ, ನಡೆಸಬೇಕೆಂದು ನನ್ನ ಆಸೆ. ಅವರ ಸದ್ದು ಉಳಿದಿರುವುದು ಅಲ್ಲಿ ಮಾತ್ರ.

ಕತ್ತರಿ ಸಾಲದೇನು

ಕುಷ್ಟಗಿ ಕಡೆಯ ದೂರದ ಮಾವ ಒಬ್ಬರು ಮಾತಾಡಿಸಲು ಬಂದರು. ಫೋಟೋಕ್ಕೆ ಕೈಮುಗಿದು, ಚಹಾ ಕುಡಿದು, ಕೇಳಿದರು.

"ನಮ್ಮ ಹುಡುಗ ಏನ್ ಕೆಲಸ ಮಾಡ್ತಿದ್ದವ್ವಾ?"

"ಪಟ್ಟಿ ಕತ್ತರಿಸ್ತಿದ್ರು, ಮಾವಾರ. ದೊಡ್ಡ ರೋಲ್ ತಂದು ಸಣ್ಣ ಮಾಡೂದು."

"ಸಣ್ಣ ಮಾಡೂದು ಅಷ್ಟ?"

"ಅಷ್ಟ."

ಅವರು ಫೋಟೋದ ಕಡೆ ತಿರುಗಿದರು. "ಅಷ್ಟಕ್ಕ ಸಾಲ ಮಾಡಿ ಮಷೀನ್ ಯಾಕ ತಂದಾ? ಕತ್ತರಿ ಸಾಲ್ತಿರಲಿಲ್ಲೇನು?"

ನಾನು ಚಹಾದ ಕಪ್ಪು ಎತ್ತಿಕೊಂಡೆ. ಹೊರಡುವಾಗ ಅವರ ಗಂಟಿನ ಹಗ್ಗ ಹರಿಯಿತು. ಅಲ್ಲೇ ಇದ್ದ ಪಟ್ಟಿಯ ಸುರುಳಿಯಿಂದ ಗಂಟು ಬಿಗಿದರು, ಎಳೆದು ನೋಡಿದರು, ಉಳಿದ ಸುರುಳಿಯನ್ನೂ ಚೀಲಕ್ಕೆ ಹಾಕಿಕೊಂಡರು.

"ಗಟ್ಟಿ ಐತಿ. ಅವನ ನೆನಪಿಗೆ ಇರಲಿ."

ಶಂಕರಪೋಳಿ

ಸವೆದು ಚಿಕ್ಕದಾದ ಬ್ಲೇಡುಗಳನ್ನು ನಮ್ಮವರು ಎಸೆಯುತ್ತಿರಲಿಲ್ಲ. ನಡುವಿನ ತೂತಿಗೆ ಮೊಳೆ ಹಾಕಿ, ಕಟ್ಟಿಗೆಯ ಹಿಡಿ ಕೂರಿಸಿ, ಓಣಿಯ ಒಂದೊಂದು ಮನೆಗೆ ಕೊಟ್ಟಿದ್ದರು. ಲಟ್ಟಿಸಿದ ಹಿಟ್ಟಿನ ಮೇಲೆ ಉರುಳಿಸಿದರೆ ಶಂಕರಪೋಳಿ ಗೆರೆ ಎಳೆದಂತೆ ತುಂಡಾಗುತ್ತಿದ್ದವು.

ದಿನಕರ್ಮ ಮುಗಿದ ವಾರ ಓಣಿಯವರೆಲ್ಲ ಅವನ್ನು ಹಿಂದಕ್ಕೆ ತಂದರು. ಕೈಗೆ ಕೊಡಲಿಲ್ಲ, ಹೊಸ್ತಿಲ ಹೊರಗೆ ಇಟ್ಟರು.

"ತಪ್ಪು ತಿಳೀಬ್ಯಾಡ್ರಿ ಟೀಚರ್ರ. ಹೋದವರು ಕೊಟ್ಟ ಹರಿತದ ಸಾಮಾನು ಮನ್ಯಾಗ ಇರಬಾರ್ದಂತ್ರಿ."

ನಾನು ಎಲ್ಲವನ್ನೂ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟೆ. ದೀಪಾವಳಿ ಬಂತು. ನಮಗೆ ಆ ವರ್ಷ ಹಬ್ಬವಿಲ್ಲ, ಓಣಿಗೆ ಇತ್ತು. ಮೊದಲು ಎದುರುಮನೆಯಾಕೆ ಬಂದಳು.

"ಇವತ್ತೊಂದಿನ ಆ ಬ್ಲೇಡ್ ಕೊಡ್ತೀರೇನ್ರಿ? ಚಾಕುವಿನ್ಯಾಗ ಎಲ್ಲಾ ಸೊಟ್ಟ ಬರಾಕತ್ಯಾವ."

"ಹೋದವರ ಸಾಮಾನಲ್ಲವಾ?"

"ಹಬ್ಬದ ದಿನ ಅದೆಲ್ಲ ನಡೀತೈತ್ರಿ."

ಮಧ್ಯಾಹ್ನದ ಹೊತ್ತಿಗೆ ಕಪಾಟು ಖಾಲಿ. ಕೊನೆಗೆ ಬಂದ ಪಕ್ಕದ ಮನೆಯಾಕೆ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು: "ತೊಳದಿಟ್ಟೀರಿಲ್ರಿ?"

ಹರಿತ ಇಲ್ರಿ

ಮೈದುನ ಒಂದು ದಿನ ಗುಜರಿಯವನನ್ನು ಕರೆತಂದ. ಮಷೀನು ನಡೆಸುವ ಚಾಚಾ ಹೊಸ ಬ್ಲೇಡೊಂದನ್ನು ಮೇಜಿನ ಮೇಲಿಟ್ಟು ದೂರ ನಿಂತರು. ಗುಜರಿಯವನು ಅಂಚಿನ ಮೇಲೆ ಹೆಬ್ಬೆರಳು ಎಳೆದ.

"ಸಾವಕಾಶ," ಎಂದರು ಚಾಚಾ.

"ನಲವತ್ತು ವರ್ಷ ಕಬ್ಬಿಣ ನೋಡೀನಿ," ಎಂದ ಅವನು. ಅಷ್ಟರಲ್ಲಿ ರಕ್ತ ಅಂಗಿಯ ತೋಳಿಗೆ ಇಳಿದಿತ್ತು. ನಾನು ಪಟ್ಟಿ ಸುತ್ತಿದೆ. ಅದು ನೆನೆಯಿತು. ಮೇಲೆ ಇನ್ನೊಂದು ಸುತ್ತಿದೆ. ಅವನು ಕೈ ಮೇಲೆತ್ತಿ ಹಿಡಿದುಕೊಂಡೇ ವ್ಯಾಪಾರ ಮುಂದುವರಿಸಿದ.

"ಏನೂ ಹರಿತ ಇಲ್ರಿ ಇವಕ್ಕ. ತೂಕದ ಮ್ಯಾಲೆ ತಗೋತೀನಿ."

ಕೆಂಪು ಗೆರೆ

ಮಷೀನು ತಂದ ವರ್ಷ, ಮಹಾನವಮಿಯ ಪೂಜೆಯಲ್ಲಿ ನಮ್ಮವರು ಬ್ಲೇಡುಗಳಿಗೆ ಧಾರಾಳವಾಗಿ ಕುಂಕುಮ ಹಚ್ಚಿದರು. ಬ್ಲೇಡಿಗೆ ಎಣ್ಣೆ ಒರೆಸಲು ಮಷೀನಿನಲ್ಲಿ ಉಣ್ಣೆಯ ತುಂಡುಗಳಿರುತ್ತವೆ. ಕುಂಕುಮ ಅವುಗಳೊಳಗೆ ಸೇರಿ, ಮರುದಿನದ ಪಟ್ಟಿಗಳೆಲ್ಲ ಅಂಚಿಗೆ ಒಂದು ಸಣ್ಣ ಕೆಂಪು ಗೆರೆ ಹೊತ್ತು ಬಂದವು. ಲೋಡು ಹೋಗಿಬಿಟ್ಟಿತ್ತು. ಇವರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಗಂಗಾವತಿಯ ಗಿರಣಿ ಸಾವ್ಕಾರರ ಫೋನು.

"ಈ ಸಲದ ಪಟ್ಟಿ ಭಾಳ ಛಲೋ ಐತಿ. ಕೆಂಪಂಚು ನೋಡಿ ಗಿರಾಕಿ ಅಸಲಿ ಮಾಲು ಅಂತಾರ. ಇನ್ಮ್ಯಾಲೆ ಇದನ್ನ ಕಳಸ್ರಿ."

ಅಂದಿನಿಂದ ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು, ಡಬ್ಬಿಯ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಉಣ್ಣೆಗೆ ಹಚ್ಚುವುದು ಇವರ ಕೆಲಸವಾಯಿತು. ಇವರು ಹೋದರು, ಡಬ್ಬಿ ಮುಚ್ಚಿತು, ಗೆರೆ ನಿಂತಿತು. ಲೋಡು ಹಿಂದಕ್ಕೆ ಬಂತು.

"ಇದು ಡೂಪ್ಲಿಕೇಟ್ ಮಾಲು, ಟೀಚರ್ರ," ಎಂದರು ಸಾವ್ಕಾರರು. "ಮುಂದಿನ ಲೋಡೂ ಹಿಂಗ ಬಂದ್ರ ನಾವು ಬ್ಯಾರೆ ಕಡೆ ನೋಡ್ಕೋತೀವಿ."

ಆ ಗಿರಣಿ ಬಿಟ್ಟರೆ ನಮಗೆ ಬೇರೆ ದೊಡ್ಡ ಗಿರಾಕಿ ಇಲ್ಲ. ಮೈದುನ ಗುಜರಿಯವನ ಹೆಬ್ಬೆರಳು ವಾಸಿಯಾಯಿತೇ ಎಂದು ವಿಚಾರಿಸತೊಡಗಿದ.

ಉಣ್ಣೆಗೆ ಕುಂಕುಮ ಹಚ್ಚುತ್ತೀರಾ ಎಂದು ಚಾಚಾರನ್ನು ಕೇಳಿದೆ. "ಯಜಮಾನ್ರು ಚಪ್ಪಲಿ ಬಿಟ್ಟು ಮುಟ್ಟೋ ಡಬ್ಬಿ ಅದು," ಎಂದರು. "ನಾ ಕೈ ಹಚ್ಚಿ, ನಾಳೆ ಮಷೀನು ಕೆಟ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ. ಬ್ಯಾಡ ಅಕ್ಕಾರ."

ಮೈದುನನನ್ನು ಕೇಳಿದೆ. "ವರ್ಷ ತುಂಬೂತನ ಪೂಜಿ ಮಾಡಂಗಿಲ್ಲ, ವೈನಿ."

"ಇದು ಪೂಜಿ ಅಲ್ಲಪ್ಪ, ಬಣ್ಣ."

"ಬಣ್ಣ ಆದ್ರ ಅಂಗಡ್ಯಾಗಿಂದು ತಂದು ಹಾಕ್ರಿ."

ತಂದು ಹಾಕಿದೆವು. ಅದು ಉಣ್ಣೆಯಲ್ಲಿ ಒಣಗಿ ಕಲ್ಲಾಯಿತು. ಚಾಚಾ ಅರ್ಧ ದಿನ ಸೀಮೆಎಣ್ಣೆ ಹಾಕಿ ತಿಕ್ಕಿದರು. ಅತ್ತೆ ಮಾತ್ರ ಕೇಳುವ ಮೊದಲೇ ಉತ್ತರ ಕೊಟ್ಟಿದ್ದರು: "ನೀನಂತೂ ಕುಂಕುಮ ಮುಟ್ಟಬ್ಯಾಡವಾ."

ಭಾನುವಾರ ವರ್ಕ್‌ಶಾಪಿಗೆ ಹೋದೆ. ಚಪ್ಪಲಿ ಬಿಟ್ಟೆ. ಚಾಚಾ ಬಾಗಿಲ ಕಡೆ ಮುಖಮಾಡಿ ನಿಂತರು. ಡಬ್ಬಿಯ ಮುಚ್ಚಳ ತೆಗೆದರೆ ಕುಂಕುಮದಲ್ಲಿ ನಮ್ಮವರ ಬೆರಳಿನ ಗುಳಿ ಹಾಗೇ ಇತ್ತು. ನಾನು ಅದನ್ನು ಬಿಟ್ಟು ಪಕ್ಕದಿಂದ ತೆಗೆದೆ. ಹಲಗೆಯ ಮೇಲೆ ದಿನಾ ಗೆರೆ ಎಳೆಯುವವಳು ನಾನು. ಎಲ್ಲ ತುಂಡುಗಳಿಗೂ ಒಂದೇ ಸಮ ಹಚ್ಚಿದೆ.

ಲೋಡು ಮುಟ್ಟಿದ ದಿನ ಸಾವ್ಕಾರರ ಫೋನು.

"ಈಗ ಅಸಲಿ ಮಾಲು ಬಂತು ನೋಡ್ರಿ. ಮೊದಲಿಗಿಂತ ನೆಟ್ಟಗೈತಿ. ಮೈದುನ್ರು ನಿಂತಾರೇನು? ಗಂಡಸರ ಕೈ ಬಿದ್ರ ಕೆಲಸ ಹಿಂಗ. ಒಂದು ಮಾತು ಹೇಳ್ತೀನಿ, ಬ್ಯಾಸರ ಆಗಬ್ಯಾಡ್ರಿ. ಕುಂಕುಮದ ಕೆಲಸ ಅದು, ನೀವು ಆ ಕಡೆ ಹಾಯಬ್ಯಾಡ್ರಿ. ಗೆರಿ ಸೊಟ್ಟ ಆದೀತು."

"ಆಗಲ್ರಿ," ಎಂದೆ.

ಮೈದುನನ ಹೆಸರಿಗೆ ಒಂದು ಚೀಲ ಅಕ್ಕಿಯನ್ನೂ ಕಳಿಸಿದರು. ಅವನು ಬೇಡ ಅನ್ನಲಿಲ್ಲ. ಚೀಲದ ಬಾಯಿ ಬಿಚ್ಚುವ ಮೊದಲು ಪಟ್ಟಿಯ ಕೆಂಪು ಅಂಚಿನ ಮೇಲೆ ಬೆರಳಾಡಿಸುತ್ತ ಕೂತ.

"ನಾ ಆಗಾಗ ಹೋಗಿ ನಿಂತು ಬರಾಕತ್ತ ಮ್ಯಾಲೆ ಮಾಲು ಸುಧಾರಿಸೇತಿ, ವೈನಿ. ಮಷೀನು ಮಾರೂದು ಬ್ಯಾಡ."

"ಬ್ಯಾಡ ಬಿಡಪ್ಪ," ಎಂದೆ, ಕೆಂಪಾಗಿದ್ದ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು.