ಪಾಲುದಾರನೋ, ಪಕ್ಷೇತರನೋ

ಸಹಕಾರಿ ಸಂಘದಲ್ಲಿ ಜೀವ ಸವೆಸಿದವನು ನಗಬೇಕೆಂದರೆ ನಾಟಕ ನೋಡಲು ಹೋಗಬೇಕಾಗಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಮೂಲೆಯ ಕುರ್ಚಿ ಹಿಡಿದರೆ ಸಾಕು, ಪ್ರಸಂಗಗಳು ತಾವಾಗಿಯೇ ನಡೆಯುತ್ತಿರುತ್ತವೆ. ಆ ಮೂಲೆಯ ಕುರ್ಚಿ ಬಹಳ ವರ್ಷ ನನ್ನದೇ ಆಗಿತ್ತು. ಯಾಕೆಂದರೆ ನಾನು ಕಾರ್ಯದರ್ಶಿ.

ನಮ್ಮದು ಅಕ್ಕಿ, ಬೇಳೆ, ತೆಂಗಿನೆಣ್ಣೆ, ಸಾಬೂನು ಮಾರುವ ಗ್ರಾಹಕರ ಸಂಘ. ಮುಖ್ಯ ಅಂಗಡಿ ಕಾರವಾರದಲ್ಲಿ, ಶಾಖೆ ಅಂಕೋಲೆಯಲ್ಲಿ. ಬಿಲ್ ಮಾಡಲು ಕಂಪ್ಯೂಟರ್ ಇತ್ತು. ಕಪ್ಪು ಪರದೆ, ಹಸಿರು ಅಕ್ಷರ. ಆ ಸಾಫ್ಟ್‌ವೇರ್ ಮಾಡಿದ ಕಂಪನಿ ಒಂದು ದಿನ, "ಹಳೆಯದನ್ನು ಇನ್ನು ನಾವು ನೋಡಿಕೊಳ್ಳುವುದಿಲ್ಲ, ಹೊಸದಕ್ಕೆ ಬನ್ನಿ" ಎಂದುಬಿಟ್ಟಿತು. ಕಾರವಾರದ್ದು ಹೇಗೋ ಕುಂಟುತ್ತಿತ್ತು. ಅಂಕೋಲೆಯದ್ದು ಮಾತ್ರ ಗಿರಾಕಿಗಳು ಸೇರಿದರೆ ಸಾಕು, ಅಲ್ಲೇ ನಿಂತುಬಿಡುತ್ತಿತ್ತು.

ನಮ್ಮ ಅಧ್ಯಕ್ಷರು ಕಾರವಾರದವರು, ಒಂದೇ ಮಾತಿನ ಮನುಷ್ಯ. "ಚೌತಿಯೊಳಗೆ ಅಂಕೋಲೆಯದ್ದು ನೆಟ್ಟಗಾಗಬೇಕು ಸೆಕ್ರೆಟರಿಯವರೇ. ಆಗದಿದ್ದರೆ ಶಾಖೆಗೆ ಬೀಗ. ಸದಸ್ಯರು ಕಾರವಾರಕ್ಕೇ ಬರಲಿ" ಎಂದರು.

ಸುಂಕಸಾಳದಿಂದ ಬಸ್ಸು ಹತ್ತಿ ಅಂಕೋಲೆಗೆ ಬರುವವರು ತೊಗರಿಬೇಳೆಗಾಗಿ ಕಾರವಾರದವರೆಗೆ ಬರುತ್ತಾರೆಯೇ? ಅಲ್ಲದೆ ಆ ಶಾಖೆಯ ಶಟರನ್ನು ಮೊದಲ ಸಲ ಎತ್ತಿದವನು ನಾನೇ. ನಾನಿರುವಾಗಲೇ ಅದು ಇಳಿಯುವುದೆಂದರೆ!

ಪಾಲಿಲ್ಲದ ಪಾಲುದಾರ

ನಮ್ಮ ಮುಂದೆ ಎರಡು ದಾರಿ ಇದ್ದವು. ಮೊದಲನೆಯದನ್ನು ಸಭೆಯಲ್ಲಿ ಹೇಳಿದೆ: "ಹುಬ್ಬಳ್ಳಿಯಲ್ಲಿ ಕಂಪನಿಯ ಅಧಿಕೃತ ಪಾಲುದಾರರಿದ್ದಾರೆ. ಅವರು ಬಂದು ಹೊಸದನ್ನು ಹಾಕಿಕೊಡುತ್ತಾರೆ."

"ಸ್ವಲ್ಪ ನಿಲ್ಲಿ" ಎಂದರು ಅಂಕೋಲೆಯ ಹಿರಿಯ ನಿರ್ದೇಶಕರು. ಪಂಚಾಯಿತಿಯಿಂದ ಹಿಡಿದು ಕಂಡ ಚುನಾವಣೆಗೆಲ್ಲ ನಿಂತು, ಗೆದ್ದದ್ದಕ್ಕಿಂತ ಹೆಚ್ಚು ಸೋತು, ಒಮ್ಮೆಯೂ ಬೇಸರಪಡದ ಜೀವ ಅದು. "ಪಾಲುದಾರ ಅಂದ್ರೆ ಎಂತದು? ನಮ್ಮ ಸಂಘದಲ್ಲಿ ಅವನಿಗೆ ಪಾಲು ಕೊಡ್ಬೇಕಾ?"

"ನಮ್ಮಲ್ಲಲ್ಲ, ಅವರು ಕಂಪನಿಗೆ ಪಾಲುದಾರರು."

"ಹಂಗಾರೆ ಕಂಪನೀಲಿ ಅವನ ಪಾಲು ಎಷ್ಟು?"

"ಪಾಲೇನೂ ಇರುವುದಿಲ್ಲ. ಹಾಗಂತ ಕರೆಯುತ್ತಾರೆ, ಅಷ್ಟೇ."

ನಿರ್ದೇಶಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಪಾಲೇ ಇಲ್ಲದ ಪಾಲುದಾರ! ನಮ್ಮನೇಲಿ ಇಂಥವ ಒಬ್ಬ ಹುಟ್ಟಿದ್ರೆ ನನ್ನ ಗದ್ದೆ ಇನ್ನೂ ಒಂದೇ ತುಂಡಾಗಿ ಇರ್ತಿತ್ತಲ್ಲ ಮಾರಾಯ್ರೆ!"

ಪಕ್ಷೇತರ

ಎರಡನೆಯ ದಾರಿ ಸದಾಶಿವಗಡದ ಒಬ್ಬ ಯುವಕ. ಗೋವೆಯಲ್ಲಿ ಕೆಲವು ವರ್ಷ ದುಡಿದು ಬಂದವನು, ಈಗ ತನ್ನಷ್ಟಕ್ಕೆ ಕಂಪ್ಯೂಟರ್ ಸಲಹೆ ಕೊಡುತ್ತಿದ್ದ. "ಸ್ವತಂತ್ರ ಸಲಹೆಗಾರ, ಯಾವ ಕಂಪನಿಗೂ ಸೇರಿದವನಲ್ಲ" ಎಂದೆ.

"ಅಂದ್ರೆ ಪಕ್ಷೇತರ!" ಎಂದರು ನಿರ್ದೇಶಕರು. "ಬ್ಯಾಡವೇ ಬ್ಯಾಡ. ಪಕ್ಷೇತರರನ್ನ ನಾನು ಕಂಡಷ್ಟು ನೀವು ಕಂಡಿಲ್ಲ. ಗೆಲ್ಲೂವರೆಗೆ ನಮ್ಮನೆ ಜಗಲಿ ಮೇಲೆ, ಗೆದ್ದ ಮರುದಿನ ಯಾವುದೋ ಪಕ್ಷದ ಕಾರಿನಲ್ಲಿ. ನೋಡ್ತಿರಿ."

ಆದರೂ ಕರೆಸಿದೆವು. ಅವನು ಬಂದು ಕೂತವನೇ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಬಿಲ್ ಯಾರು ಮಾಡ್ತಾರೆ? ಯಾವ ಹೊತ್ತಿಗೆ ನಿಲ್ತದೆ? ನಿಂತಾಗ ಏನು ಮಾಡ್ತೀರಿ? ನಿರ್ದೇಶಕರ ತಾಳ್ಮೆ ಕೆಟ್ಟಿತು.

"ನೀನು ಸಲಹೆ ಕೊಡೂಕೆ ಬಂದವ್ನೋ, ನಮ್ಮ ಹತ್ರ ಕೇಳ್ಕೊಂಡು ಹೋಗೂಕೆ ಬಂದವ್ನೋ?"

"ಡಾಕ್ಟರ ಹತ್ರ ಹೋದ್ರೂ ಮೊದಲು ಅವರೇ ಕೇಳ್ತಾರಲ್ಲ ಮಾಮಾ?"

"ಕೇಳ್ತಾರೆ. ಆದ್ರೆ ಕೊನೆಗೆ ಒಂದು ಸೂಜಿಯಾದ್ರೂ ಚುಚ್ತಾರೆ!"

ನಿಜ ಹೇಳಬೇಕೆಂದರೆ ನನಗೂ ತಲೆ ಕೆಟ್ಟಿತ್ತು. ಪಾಲುದಾರರದ್ದು ದೊಡ್ಡ ಕಚೇರಿ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಬರುತ್ತಾನೆ. ಆದರೆ ಅವರಿಗೂ ನಮಗೂ ನಡುವೆ ಘಟ್ಟವಿದೆ. ಈ ಹುಡುಗ ಒಂಟಿ. ಆದರೆ ಕಾಳಿ ಸೇತುವೆ ದಾಟಿದರೆ ನಮ್ಮ ಬಾಗಿಲಲ್ಲಿರುತ್ತಾನೆ. ಕೊನೆಗೆ, ಇಬ್ಬರಿಗೂ ಅಂಕೋಲೆಯ ಮಾಹಿತಿಯ ಒಂದೊಂದು ನಕಲು ಕೊಟ್ಟು ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಹುಬ್ಬಳ್ಳಿಯವರದ್ದು ಮೊದಲ ಸರದಿ.

ಟಿಕೆಟ್ ನಂಬರ್

ಅಂಕೋಲೆ ಶಾಖೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ಊರಿನವರೆಲ್ಲ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಹುಬ್ಬಳ್ಳಿಯವರು ಬಂದು ಹೊಸ ಸಾಫ್ಟ್‌ವೇರ್ ಹಾಕಿ ಹೋದ ಮರುದಿನವೇ ಅದು ಹಠ ಹಿಡಿಯಿತು. ಕಾರವಾರದಲ್ಲಿ ನನ್ನನ್ನು ಕಂಡು, ಬಸ್ಸಿನಲ್ಲಿ ಆಗಷ್ಟೇ ಮರಳಿದ್ದ ಅಕ್ಕ ಹುಬ್ಬಳ್ಳಿಗೆ ಫೋನ್ ಹಚ್ಚಿದಳು. ಮುಂದಿನದ್ದು ಅವಳೇ ಹೇಳಿದ್ದು.

ಆ ಕಡೆಯ ಹುಡುಗ ಕೇಳಿದನಂತೆ, "ಮೇಡಂ, ನಿಮ್ಮ ಟಿಕೆಟ್ ನಂಬರ್ ಹೇಳಿ." ದೂರು ದಾಖಲಾದಾಗ ಕೊಡುವ ನಂಬರಿಗೆ ಅವರಲ್ಲಿ ಹಾಗನ್ನುತ್ತಾರಂತೆ. ನಮ್ಮ ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು? ಪರ್ಸಿನಿಂದ ಬಸ್ ಟಿಕೆಟ್ ತೆಗೆದು, ಬಿಡಿಸಿ, ನಂಬರ್ ಓದಿದಳು.

"ಇದು ನಮ್ಮಲ್ಲಿ ತೋರಿಸ್ತಿಲ್ಲ ಮೇಡಂ."

"ತೋರಿಸ್ದೇ ಎಂತ ಆಗ್ತದೆ? ಕಂಡಕ್ಟರು ನನ್ನ ಕೈಗೇ ಕೊಟ್ಟದ್ದು!"

"ಟಿಕೆಟ್ ಇಲ್ಲದೇ ನಮ್ಮವರು ಯಾರೂ ಬರೋದಿಲ್ಲ ಮೇಡಂ."

ಅಕ್ಕನಿಗೆ ಸಿಟ್ಟು ಬಂತು. "ಹುಬ್ಬಳ್ಳಿಯಿಂದ ಬರೂದು ನೀವು, ಟಿಕೆಟ್ ತೆಗೀಬೇಕಾದ್ದು ನಾನಾ?"

ಅಂಕೋಲೆ ಖಾಲಿಯಾದದ್ದು

ಕೊನೆಗೆ ಹುಬ್ಬಳ್ಳಿಯಿಂದ ಟೈ ಕಟ್ಟಿದ ಪ್ರತಿನಿಧಿಯೊಬ್ಬ ಬಂದ. ಬಹಳ ಒಳ್ಳೆಯವನು, ಕೂರು ಎಂದರೂ ಕೂರದಷ್ಟು ವಿನಯ. ಯಾವುದೋ ಗುಂಡಿ ಒತ್ತಿ, "ಒಂದೇ ಹೆಸರು ಮತ್ತೆ ಮತ್ತೆ ಬಂದಿತ್ತು ಸರ್. ಎಲ್ಲ ಸ್ವಚ್ಛ ಮಾಡಿದ್ದೇನೆ" ಎಂದ.

ಅಂಕೋಲೆಯ ಬಸ್ ನಿಲ್ದಾಣದಲ್ಲಿ ನಿಂತು "ನಾಯಕ್ರೇ" ಎಂದು ಕೂಗಿ ನೋಡಿ, ಅರ್ಧ ನಿಲ್ದಾಣ ತಿರುಗುತ್ತದೆ. ಅದರಲ್ಲೂ ಬೊಮ್ಮಯ್ಯನ ಮಗ ವೆಂಕಟ್ರಮಣ ನಾಯಕ ಎನ್ನುವವರು ಕೇರಿಗೊಬ್ಬರಾದರೂ ಸಿಗುತ್ತಾರೆ. ಈ ಪುಣ್ಯಾತ್ಮ ಅವರನ್ನೆಲ್ಲ ಸೇರಿಸಿ ಒಬ್ಬನನ್ನಾಗಿ ಮಾಡಿದ್ದ! ಆ ಒಬ್ಬನೇ ಶಾಖೆಯ ಅಕ್ಕಿಯನ್ನೆಲ್ಲ ಉಂಡು, ಸಾಬೂನನ್ನೆಲ್ಲ ತಿಕ್ಕಿಕೊಂಡಂತೆ ಕಾಣುತ್ತಿತ್ತು.

ಅದು ಪರೀಕ್ಷೆಗೆ ಕೊಟ್ಟ ನಕಲಾದ್ದರಿಂದ ಅಸಲಿಗೆ ಏನೂ ಆಗಿರಲಿಲ್ಲ. ಆದರೆ ಅದೇ ಹೊತ್ತಿಗೆ ಅಧ್ಯಕ್ಷರು ಬಂದು ಪರದೆಯನ್ನು ನೋಡಿಬಿಟ್ಟರು. "ಅಂಕೋಲೆಯಲ್ಲಿ ಇಷ್ಟೇ ಸದಸ್ಯರಾ? ಇಷ್ಟು ಜನಕ್ಕೆ ಶಾಖೆ ಬೇರೆ ಬೇಕಾ?"

"ಇವರು ಬಹಳ ಜನ ಸರ್, ಕಂಪ್ಯೂಟರು ಒಬ್ಬನೇ ಅಂತಿದೆ" ಎಂದು ತೊದಲಿದೆ.

ಅಕ್ಕ ಮಾತ್ರ ಬೇಳೆ ತೂಗುತ್ತಲೇ ಹೇಳಿದಳು: "ಒಬ್ಬನೇ ಅಂತಾದ್ರೆ ಆಗ್ಲಿ ಸರ್. ಅವರ ಹೆಂಡ್ತಿಯರಿಗೆ ಹೇಳೂವವರು ಯಾರು?"

ಅಡ್ಡಹೆಸರು

ಪಕ್ಷೇತರನ ಸರದಿ ಬಂತು. ಕಂಪನಿಯ ಅದೇ ಹೊಸ ಸಾಫ್ಟ್‌ವೇರ್, ಹಾಕುವ ಕೈ ಬೇರೆ. ಅವನು ಕಂಪ್ಯೂಟರ್ ಮುಟ್ಟುವ ಮೊದಲು ಅಕ್ಕಿ ಮೂಟೆಯ ಮೇಲೆ ಕೂತು, "ಅಕ್ಕಾ, ಇಷ್ಟೊಂದು ನಾಯಕರಲ್ಲಿ ನೀವು ಗುರುತು ಹಿಡಿಯೂದು ಹೇಗೆ?" ಎಂದ.

"ಊರವರು ಇಟ್ಟ ಅಡ್ಡಹೆಸರಿಂದ. ಮತ್ತೆ ಹೇಗೆ?"

ಅವನು ಸದಸ್ಯರ ಹೆಸರಿನ ಪಕ್ಕ ಅಡ್ಡಹೆಸರಿಗೊಂದು ಜಾಗ ಮಾಡಿಕೊಟ್ಟ. ಅಕ್ಕ ತುಂಬಿದಳು. ಮೆಷಿನ್ನು ನಿಲ್ಲದೆ ಓಡತೊಡಗಿತು. ನಾಯಕರೆಲ್ಲ ಬೇರೆ ಬೇರೆಯಾಗಿ ಮತ್ತೆ ಜೀವ ತಳೆದರು.

ಅದನ್ನೇ ಅಸಲಿಗೂ ಹಾಕಿಸಿದೆವು. ಚೌತಿಯ ಖರೀದಿ ಶುರುವಾಯಿತು. ಆಗಲೇ ಗೊತ್ತಾದದ್ದು, ಆ ಅಡ್ಡಹೆಸರು ಬಿಲ್ಲಿನ ಮೇಲೂ ಅಚ್ಚಾಗುತ್ತಿದೆ! "ವೆಂಕಟ್ರಮಣ ನಾಯಕ, ಚೌಕಾಶಿ." "ವೆಂಕಟ್ರಮಣ ನಾಯಕ, ಬೊಬ್ಬೆ." ಅದೂ ಇಂಗ್ಲಿಷ್ ಅಕ್ಷರದಲ್ಲಿ. ಓದಲು ಬಾರದವರು ಪಕ್ಕದವರ ಕೈಯಲ್ಲಿ ಗಟ್ಟಿಯಾಗಿ ಓದಿಸಿಕೊಂಡರು.

"ನನ್ನನ್ನ ಬೊಬ್ಬೆ ಅಂದವ್ರು ಯಾರು?" ಎಂದು ಒಬ್ಬರು ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿತು. ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇನ್ನು ಬೈಗುಳವೇ ಗತಿ ಎಂದುಕೊಂಡೆ. ಆದರೆ ಸುದ್ದಿ ಹರಡಿದಂತೆ ಜನ ಬೈಯಲು ಬರಲಿಲ್ಲ, ನೋಡಲು ಬಂದರು! ವರ್ಷಗಟ್ಟಲೆ ಇತ್ತ ಸುಳಿಯದ ಸದಸ್ಯರು ಒಂದು ಸಾಬೂನು ಕೊಂಡು, "ನಂದು ಎಂತ ಬಂತು ನೋಡುವಾ" ಎಂದು ಕೈಚಾಚಿದರು. ಸಾಲು ಅಂಗಡಿ ದಾಟಿ ರಸ್ತೆಗಿಳಿಯಿತು.

ಬೀಗದ ವಿಚಾರ ತೀರ್ಮಾನಿಸಲು ಬಂದಿದ್ದ ಅಧ್ಯಕ್ಷರಿಗೆ ಒಳಗೆ ಕಾಲಿಡಲು ಜಾಗವಿಲ್ಲ. "ಇಷ್ಟು ಜನ ಎಲ್ಲಿಂದ ಬಂದ್ರು?"

ಅಕ್ಕ ಬಿಲ್ ಹರಿಯುತ್ತ ಅಂದಳು: "ಇವರೆಲ್ಲ ಆ ಒಬ್ಬನೇ ನಾಯಕ ಸರ್!"

ಅಧ್ಯಕ್ಷರು ಮೊದಲು ಮುಖ ಬಿಗಿದುಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗದ ಮಾತು ಅಂದಿಗೇ ಮುಗಿಯಿತು.

ಗೆದ್ದ ಮೇಲೆ

ಮುಂದಿನ ಸಭೆಯಲ್ಲಿ ಪಕ್ಷೇತರನನ್ನೇ ಕಾಯಂ ಮಾಡುವುದೆಂದು ಠರಾವಾಯಿತು. ಹೇಳಿ ಕಳಿಸಿದೆವು. ಅವನು ಪೇಡೆಯ ಪೊಟ್ಟಣ ಹಿಡಿದು ಬಂದ, ಜೊತೆಗೆ ಹೊಸ ಕಾರ್ಡು ಕೊಟ್ಟ. ಅದನ್ನು ಸಭೆಗೆ ಗಟ್ಟಿಯಾಗಿ ಓದಿದೆ. ಅಂಕೋಲೆಯ ಕೆಲಸ ನೋಡಿ ಕಂಪನಿಯವರು ಅವನನ್ನೇ ಕರಾವಳಿಗೆ ತಮ್ಮ ಅಧಿಕೃತ ಪಾಲುದಾರನನ್ನಾಗಿ ಮಾಡಿಕೊಂಡಿದ್ದರು!

ಹಿರಿಯ ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ನಾನು ಎಂತ ಹೇಳಿದ್ದೆ? ಪಕ್ಷೇತರ ಗೆದ್ದ, ಪಕ್ಷ ಸೇರಿದ!"

"ಸಿಟ್ಟಾ ಮಾಮಾ?" ಎಂದ ಹುಡುಗ.

"ಸಿಟ್ಟು ಎಂತಕ್ಕೆ? ಹುಟ್ಟಿದಂದಿನಿಂದ ನಾನು ಹೇಳಿದ ಫಲಿತಾಂಶ ಒಂದಾದ್ರೂ ನಿಜ ಆಯ್ತಲ್ಲ! ಆ ಪೊಟ್ಟಣ ಇತ್ತ ಕೊಡು. ನನ್ನನ್ನೂ ಪಾಲಿಲ್ಲದ ಪಾಲುದಾರ ಮಾಡ್ಬೇಡ."

ಹುಡುಗ ತನ್ನ ಕಚೇರಿಯನ್ನು ನಮ್ಮ ಅಂಕೋಲೆ ಶಾಖೆಯ ಮಹಡಿಯ ಮೇಲೆಯೇ ತೆರೆದ. ನಾನು ನಿವೃತ್ತನಾದೆ. ಮೊನ್ನೆ ಅತ್ತ ಹೋದಾಗ ಶಾಖೆಯೊಳಗೆ ಇಣುಕಿದೆ. ಗಿಜಿಗಿಜಿ ಗಿರಾಕಿಗಳು. ಅಕ್ಕ ಕೂತಲ್ಲಿ, ಸರಿಯಾಗಿ ತಲೆಯ ಮೇಲೆ, ತಾರಸಿಯ ಸುಣ್ಣ ರೊಟ್ಟಿಯಗಲ ಉದುರಿತ್ತು.

"ಸೋರ್ತದನಾ ಅಕ್ಕಾ?"

ಅವಳು ಗೋಡೆಗೆ ಒರಗಿಸಿದ್ದ ಪೊರಕೆ ಎತ್ತಿ, ಅದರ ಹಿಡಿಯಿಂದ ತಾರಸಿಗೆ ಎರಡು ಸಲ ಕುಟ್ಟಿದಳು. ಮೇಲಿನಿಂದ "ಬಂದೆ ಅಕ್ಕಾ!" ಎಂಬ ಕೂಗು, ಮೆಟ್ಟಿಲಿಳಿಯುವ ಸದ್ದು.

"ಸೋರೂದಲ್ಲ ಸರ್," ಎಂದಳು, "ಅದು ನಮ್ಮ ಟಿಕೆಟ್."